ಹತ್ತು ವರ್ಷ ಕದಲದೆ ಕುಳಿತ ಪುಟ್ಟಗಂಗಮ್ಮ

ಬೆಂಗಳೂರಿನಿಂದ ತರಿಸುವ ಒಂದು ಟ್ಯೂಬು ಬಿಳಿ ಬಣ್ಣದ ಬೆಲೆ ಪುಟ್ಟಗಂಗಮ್ಮನವರ ಎರಡು ದಿನದ ಕೂಲಿ. "ಅಷ್ಟು ದುಡ್ಡಿನ ಬಣ್ಣ ತಂದು ನನ್ನ ಮೊಕಕ್ಕೆ ಬಳೀತಿದ್ರು. ನಮ್ಮವ್ವ ಅರಿಶ್ನ ಹಚ್ಚೋಕೂ ಹಿಂದೆಮುಂದೆ ನೋಡೋಳು" ಎಂದು ನಗುತ್ತಾರೆ.

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ತಿಪಟೂರಿನ ಅಂಚಿನ ತೋಟದ ಮನೆಯಂಗಳದಲ್ಲಿ ಅವರು ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲುಗಿಸುತ್ತಾರೆ. ಒಳಗೆ ಕೊಬ್ಬರಿ ಗಡಗಡ ಅಂದರೆ ಸರಿ, ಕತ್ತಿಯಿಂದ ಒಂದೇಟು. ಚಿಪ್ಪು ಬಿಚ್ಚಿಕೊಂಡು ಕೊಬ್ಬರಿ ಉಂಡೆಯಾಗಿ ಕೈಗೆ ಬರುತ್ತದೆ. ಅದಕ್ಕೆ ಏಟು ಬಿದ್ದರೆ ಪೇಟೆಯ ಕೊಬ್ಬರಿ ಮಂಡಿಯಲ್ಲಿ ಬೆಲೆ ಬೀಳುತ್ತದೆ, ಬೈಗುಳ ಇವರ ಪಾಲಿಗೆ.

ವಾರವೆಲ್ಲ ಹೀಗೆ ದುಡಿಯುವ ಇವರು ದಣಿವಾರಿಸಿಕೊಳ್ಳುತ್ತಿದ್ದದ್ದು ಭಾನುವಾರ ಮಾತ್ರ. ಸ್ಟೇಷನ್ ಕಡೆಯ ಹಳೇ ಗೋದಾಮಿನಲ್ಲಿ ಅಣ್ಣಯ್ಯ ಮೇಷ್ಟ್ರು ನಡೆಸುವ ಚಿತ್ರಶಾಲೆಯಲ್ಲಿ ಸ್ಟೂಲಿನ ಮೇಲೆ ಅಲುಗಾಡದೆ ಕೂರುವುದೇ ಆವತ್ತಿನ ಕೆಲಸ. ಕಲಿಯುವವರು ಅವರನ್ನು ನೋಡಿ ಪಟ ಬರೆಯುತ್ತಿದ್ದರು. ಆ ಸ್ಟೂಲು ಈಗ ಕೈತಪ್ಪಿದೆ.

ಗಂಡ ಹುಚ್ಚಣ್ಣ ತೆಂಗಿನ ಮರದಿಂದ ಬಿದ್ದು ಹಾಸಿಗೆ ಹಿಡಿದ ವರ್ಷ, ಅಂದರೆ ಹನ್ನೊಂದು ವರ್ಷದ ಹಿಂದೆ, ೧೯೭೩ರಲ್ಲಿ, ಮೇಷ್ಟ್ರು ಈ ಕೆಲಸಕ್ಕೆ ಕರೆದರು. ಪಟ ಬರೆಸಿಕೊಂಡರೆ ಆಯಸ್ಸು ಕಮ್ಮಿ ಎಂದು ನೆರೆಯವರು ಹೆದರಿಸಿದರು. "ನಮ್ಮ ಯಜಮಾನ್ರು ಒಂದಿನಾನೂ ಪಟ ಬರೆಸ್ಕಂಡಿರ್ನಿಲ್ಲ. ಆದ್ರೂ ಮರದಿಂದ ಬಿದ್ರು" ಎಂದು ಇವರು ಹೊರಟೇಬಿಟ್ಟರು.

ಮೊದಲಿನ ಮೂರು ವರ್ಷ ಹಣೆಯ ಗೆರೆ ಕೂಡ ಬಿಡದೆ ಮುಖವನ್ನು ಇದ್ದಂತೆಯೇ ಬರೆದರು. ಆಮೇಲೆ ಬೆಂಗಳೂರಿನ ರೈಲಿನಲ್ಲಿ ವಿದೇಶಿ ಚಿತ್ರಗಳ ಪತ್ರಿಕೆಗಳು ಬರತೊಡಗಿದವು. ಅವನ್ನು ನೋಡಿ ಬರೆದ ಪಟಗಳಲ್ಲಿ ಮುಖ ಬರೀ ಬಣ್ಣದ ಚುಕ್ಕೆಯಾಯಿತು. ಇನ್ನೆರಡು ವರ್ಷಕ್ಕೆ ಕೆನ್ನೆ ಚಪ್ಪಡಿಯಾಗಿ, ಎರಡೂ ಕಣ್ಣು ಒಂದೇ ಕಡೆ ಬಂದವು. "ಈ ದಾರಿ ನಡೆಯೋಕೆ ಪ್ಯಾರಿಸ್ಸಿನ ಚಿತ್ರಗಾರ್ರಿಗೆ ನೂರು ವರ್ಷ ಹಿಡೀತು. ನಾವು ಗಂಗಮ್ಮನ ಮುಖದ ಮೇಲೇ ಹತ್ತು ವರ್ಷದಾಗೆ ಮುಗಿಸಿದ್ವಿ" ಎನ್ನುತ್ತಾರೆ ಮೇಷ್ಟ್ರು. ಜೊತೆಯಲ್ಲಿ ಚಿಪ್ಪು ಬಿಡಿಸುವ ಸಿದ್ದಮ್ಮ ಸೋಮವಾರ ಬಂತೆಂದರೆ ಕೇಳುತ್ತಿದ್ದರು: "ಏನೇ ಗಂಗಿ, ಈ ವಾರ ಎಷ್ಟು ಮೂಗು ಬರೆದ್ರೇ ನಿಂಗೆ?"

ಹೋದ ವರ್ಷ ಮೇಷ್ಟ್ರು ಸ್ಟೂಲಿನ ಪಕ್ಕ ಒಣಗಾಯಿಗಳ ರಾಶಿಯೊಂದನ್ನು ಜೋಡಿಸಿಟ್ಟರು. ಎಲ್ಲರೂ ಎರಡು ಭಾನುವಾರ ಕೂತು ಅದನ್ನು ಅರ್ಧ ಬರೆದಿದ್ದರು. ಮೂರನೆಯ ಭಾನುವಾರ ಪುಟ್ಟಗಂಗಮ್ಮ ಎಲ್ಲರಿಗಿಂತ ಮುಂಚೆ ಬಂದರು. ಮಿಕ್ಕವರು ಬರುವ ಹೊತ್ತಿಗೆ ರಾಶಿಯ ಅಷ್ಟೂ ಕಾಯಿಯ ಚಿಪ್ಪು ಬಿಡಿಸಿ, ಕೊಬ್ಬರಿಯನ್ನು ಬೇರೆ ಗುಡ್ಡೆ ಹಾಕಿದ್ದರು.

"ರಾಶಿ ಕಂಡ್ರೆ ಕೈ ಸುಮ್ನಿರ್ತದಾ? ಒಂದ್ಕೂ ಏಟು ಬಿದ್ದಿರ್ನಿಲ್ಲ. ಮೆಚ್ಕತಾರೆ ಅನ್ಕಂಡೆ" ಎನ್ನುತ್ತಾರೆ ಪುಟ್ಟಗಂಗಮ್ಮ.

"ಎಂಥಾ ಕೆಲ್ಸ ಮಾಡ್ಬುಟ್ಟೆ ಗಂಗಮ್ಮ!" ಎಂದು ಮೇಷ್ಟ್ರು ತಲೆ ಹಿಡಿದು ಕುಳಿತರು. ಅಷ್ಟರಲ್ಲಿ ಕಲಿಯುವವರಲ್ಲೊಬ್ಬರಾದ ರೈಲ್ವೆ ಗುಮಾಸ್ತ ಚಿಕ್ಕರಂಗಯ್ಯ ನೆಲದ ಚಿಪ್ಪುಗಳ ಮುಂದೆ ಕೂತು, "ಮೇಷ್ಟ್ರೇ, ಇದ್ನೇ ಬರೀತೀನಿ" ಅಂದರು. ಸಂಜೆಗೆ ಹಾಳೆಯ ತುಂಬ ಬಾಗಿದ ಗೆರೆಗಳು, ಕಂದು, ಕಪ್ಪು. ಕಾಯಿಯ ಆಕಾರ ಎಲ್ಲೂ ಇರಲಿಲ್ಲ. ಮೇಷ್ಟ್ರು ಅದನ್ನು ಎಲ್ಲರಿಗೂ ತೋರಿಸಿದರು. ಮುಂದಿನ ವಾರ ಎಲ್ಲರೂ ಅದೇ ದಾರಿ ಹಿಡಿದರು.

ಆರು ತಿಂಗಳಿಗೆ ಮೇಷ್ಟ್ರೇ ಈ ಅಂಗಳಕ್ಕೆ ಬಂದು ವಿಷಯ ಹೇಳಿದರು.

"ಗಂಗಮ್ಮ, ಕಲಿಯೋರು ಈಗ ಯಾರನ್ನೂ ನೋಡ್ಕಂಡು ಬರೆಯಲ್ಲ ಕಣವ್ವ."

"ಮತ್ತೆ ಏನ್ ನೋಡ್ತಾರೆ?"

"ತಮ್ಮೊಳಗೇ ನೋಡ್ಕತಾರೆ."

"ಅದ್ಕೆ ಕೂಲಿ ಕೊಡಂಗಿಲ್ಲ ಅನ್ನಿ."

ಭಾನುವಾರ ಬಂದು ಶಾಲೆ ಗುಡಿಸು, ಮೊದಲಿನ ಕೂಲಿಯೇ ಕೊಡುತ್ತೇನೆ ಎಂದರು ಮೇಷ್ಟ್ರು. ಪುಟ್ಟಗಂಗಮ್ಮ ಒಪ್ಪಿದ್ದಾರೆ. ಕೂಲಿ ಉಳಿಯಿತು, ಕೂರುವುದು ಹೋಯಿತು. ಹಳೆಯ ಪಟಗಳಲ್ಲಿ ಒಂದನ್ನು ಆರಿಸಿಕೋ ಎಂದಾಗ, ಮುಖ ಇದ್ದಂತೆಯೇ ಇರುವ ಮೊದಲ ವರ್ಷದ ಪಟವನ್ನು ಗಂಡನಿಗೆಂದು ಒಯ್ದಿದ್ದಾರೆ.

ಚಿಕ್ಕರಂಗಯ್ಯನವರ ಚಿಪ್ಪಿನ ಚಿತ್ರ ಈಗ ಶಾಲೆಯ ಬಾಗಿಲೆದುರಿನ ಗೋಡೆಯಲ್ಲಿದೆ. ಗುಡಿಸುತ್ತಾ ಅದರ ಮುಂದೆ ಬಂದಾಗ ಪುಟ್ಟಗಂಗಮ್ಮ ಪೊರಕೆ ನಿಲ್ಲಿಸುತ್ತಾರೆ.

"ಇದ್ರಾಗೆ ನಾನಿಲ್ಲ. ಆದ್ರೆ ಆ ಚಿಪ್ಪು ಒಡ್ದೋಳು ನಾನೇ ಕಣ್ರೀ."