ತಂಗಿಯ ಎಡೆಗೆ ಒಂದು ಲೋಟ ರಮ್ ಪಂಚ್

ನಮ್ಮ ಮನೆಯಲ್ಲಿ ಸತ್ತವರ ಮುಂದೆ ರಮ್ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸತ್ತವರು ಗಂಡಸಾಗಿದ್ದರೆ ಸಾಕು. ಪಕ್ಷದ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ, ಅವರು ಬದುಕಿದ್ದಾಗ ಯಾವುದನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಕುಡಿಯುತ್ತಿದ್ದರೋ ಅದನ್ನೆಲ್ಲ ಬಾಳೆಲೆಗೆ ಬಡಿಸುತ್ತೇವೆ. ಅಪ್ಪನ ಎಲೆಗೆ ಮುದ್ದೆ, ನಾಟಿಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಪಕ್ಕದಲ್ಲಿ ರಮ್. ಬಾಟಲಿಯ ಕುತ್ತಿಗೆಗೂ ಅವ್ವ ಅರಿಶಿನ ಕುಂಕುಮ ಹಚ್ಚುತ್ತಾಳೆ. ಅಪ್ಪ ಬದುಕಿದ್ದಾಗ ಅದೇ ಬಾಟಲಿಗಾಗಿ ಅವಳು ಅವನಿಗೆ ಶಾಪ ಹಾಕದ ದಿನವಿರಲಿಲ್ಲ. ಅವನು ಸತ್ತ ಮೇಲೆ ಅದೂ ಪೂಜೆ ಸಾಮಾನಾಯಿತು.

ಹೋದ ವರ್ಷ ಅಪ್ಪನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಬೇಕಾಗಿ ಬಂತು. ಅದು ನನ್ನ ತಂಗಿಯದು. ಮದುವೆ ಬೇಡ ಅಂದವಳು, ಹಾಗಾಗಿ ಅವಳ ಎಡೆ ತವರಲ್ಲೇ. ಅವಳಿಗೆ ಏನು ಇಷ್ಟವಿತ್ತು ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ಇಷ್ಟವಿದ್ದದ್ದು ರಮ್ ಪಂಚ್.

ಅವಳು ಮಂಡ್ಯದಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲೇ ಗುತ್ತಲು ಬಡಾವಣೆಯಲ್ಲಿ ಸಣ್ಣ ಬಾಡಿಗೆ ಮನೆ. ನಾನು ಮಳವಳ್ಳಿಗೆ ಮದುವೆಯಾಗಿ ಹೋದವಳು. ಬ್ಲೌಸ್ ಹೊಲಿಯಲು ಕೊಡಬೇಕು, ಹಲ್ಲು ತೋರಿಸಬೇಕು ಎಂದು ಏನಾದರೂ ನೆಪ ಹೇಳಿ ಭಾನುವಾರ ಬಸ್ಸು ಹತ್ತುತ್ತಿದ್ದೆ. ಅಷ್ಟು ಸಲ ತೋರಿಸಿದ್ದರೆ ನನ್ನ ಬಾಯಲ್ಲಿ ಒಂದು ಹಲ್ಲೂ ಉಳಿಯಬಾರದಿತ್ತು. ಗಂಡ ಅದನ್ನು ಯಾವತ್ತೂ ಲೆಕ್ಕ ಹಾಕಿದವನಲ್ಲ.

ಆ ಪಾನೀಯವನ್ನು ಅವಳು ಫೋನಿನಲ್ಲಿ ನೋಡಿ ಕಲಿತಿದ್ದಳು. ಅದಕ್ಕೆ ಯಾವುದೋ ಕೆಂಪು ಪಾಕ ಬೇಕಂತೆ, ಅಂಗಡಿಯಲ್ಲಿ ಕೇಳಿದರೆ ಐಸ್ ಗೋಲದ ಬಣ್ಣ ಕೊಟ್ಟು ಕಳಿಸಿದರು. ಕೊನೆಗೆ ಇವಳೇ ದಾಳಿಂಬೆ ಹಿಂಡಿ, ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಕುದಿಸಿ ಪಾಕ ಮಾಡಿಟ್ಟುಕೊಂಡಳು. ಅನಾನಸ್ ರುಬ್ಬಿ ಬಟ್ಟೆಯಲ್ಲಿ ಸೋಸುವುದು. ಕಿತ್ತಳೆ ಸಿಕ್ಕರೆ ಕಿತ್ತಳೆ, ಇಲ್ಲದಿದ್ದರೆ ಮೂಸಂಬಿ. ಅರ್ಧ ನಿಂಬೆಹಣ್ಣು. ಅದರ ಮೇಲೆ ರಮ್, ಅದನ್ನು ಮಾತ್ರ ಔಷಧಿ ಕುಡಿಸುವ ಮುಚ್ಚಳದಲ್ಲಿ ಅಳೆದು ಹಾಕುತ್ತಿದ್ದಳು. ಎಲ್ಲವನ್ನೂ ಐಸಿನ ಜೊತೆ ಅಗಲ ಬಾಯಿಯ ಗಾಜಿನ ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಕುಲುಕಬೇಕು. ಆ ಬಾಟಲಿಯಲ್ಲಿ ಮೊದಲು ಉಪ್ಪಿನಕಾಯಿ ಇತ್ತು. ಎಷ್ಟು ತೊಳೆದರೂ ಸಾಸಿವೆ ವಾಸನೆ ಬಿಟ್ಟುಹೋಗಿರಲಿಲ್ಲ. ಲೋಟಕ್ಕೆ ಬಗ್ಗಿಸಿ ಕೆಂಪು ಪಾಕ ಬಿಟ್ಟರೆ ಅದು ತಳಕ್ಕೆ ಇಳಿದು ನಿಲ್ಲುತ್ತಿತ್ತು. ಮೇಲೆ ಒಂದು ಚೂರು ಜಾಯಿಕಾಯಿ ತುರಿ.

ಐಸು ಗಡಗಡ ಅನ್ನುವ ಸದ್ದು ಪಕ್ಕದ ಮನೆಗೆ ಕೇಳಬಾರದಲ್ಲ.

"ಅಕ್ಕೋ, ಮಿಕ್ಸಿಗೆ ಒಸಿ ಕಾಯಿ ಕಡ್ಲೆ ಆಕಿ ತಿರುಗ್ಸು" ಅನ್ನುತ್ತಿದ್ದಳು. ಅದಕ್ಕೇ ಆ ಮನೆಯಲ್ಲಿ ಭಾನುವಾರ ಯಾವಾಗಲೂ ಚಟ್ನಿ ಇರುತ್ತಿತ್ತು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಒಂದೊಂದು ಲೋಟ ಕುಡಿಯುತ್ತಿದ್ದೆವು. ಎರಡನೆಯದು ಕೇಳಿದರೆ ಕೊಡುತ್ತಿರಲಿಲ್ಲ. "ಅಪ್ಪನ ಮಗಳಾಗ್ಬೇಡ ಕಣಕ್ಕ, ಸಾಕು" ಎಂದು ನಗುತ್ತಿದ್ದಳು. ನಮ್ಮ ಪಾಪ ಅಂದರೆ ಇಷ್ಟೇ.

ರಮ್ ತರಲು ಅವಳು ಯಾರನ್ನೂ ಕೇಳಿಕೊಳ್ಳುತ್ತಿರಲಿಲ್ಲ. ವೈನ್ ಸ್ಟೋರಿಗೆ ತಾನೇ ಹೋಗಿ, ತಲೆಯೆತ್ತಿ ಕೇಳಿ, ಕೈಚೀಲಕ್ಕೆ ಹಾಕಿಕೊಂಡು ಬರುತ್ತಿದ್ದಳು. ಒಂದು ಸಂಜೆ ಅದೇ ಅಂಗಡಿಯಲ್ಲಿ ನಮ್ಮ ಚಿಕ್ಕಪ್ಪ ನಿಂತಿದ್ದ. ಮಂಡ್ಯಕ್ಕೆ ಬಂದರೆ ಕ್ವಾರ್ಟರ್ ಇಳಿಸದೆ ಬಸ್ಸು ಹತ್ತುವವನಲ್ಲ ಅವನು. ಅಲ್ಲೇ ನಿಂತು ಕುಡಿದವನು ಅಲ್ಲಿ ಕೊಂಡವಳ ಸುದ್ದಿಯನ್ನು ಊರಿಗೆ ಒಯ್ದ. ಕುಡಿದ ಬಾಯಿಯಲ್ಲೇ ಹೇಳಿದನಂತೆ. ಆ ವಾಸನೆ ಯಾರ ಮೂಗಿಗೂ ಬಡಿಯಲಿಲ್ಲ.

ನಮ್ಮೂರು ಚಿಕ್ಕರಸಿನಕೆರೆಯ ಹತ್ತಿರ. ಅಲ್ಲಿಂದ ಅವ್ವ ಮಾರನೆಯ ದಿನವೇ ಮದ್ದೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಗುತ್ತಲಿಗೆ ಹೋದಳು. ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು, "ಎಂಡಗುಡುಕಿ ಮನೇಲಿ ನಾನು ನೀರೂ ಮುಟ್ಟಾಕಿಲ್ಲ. ಇವತ್ತಿಂದ ನಿನ್ಗೂ ನನ್ಗೂ ಮಾತಿಲ್ಲ" ಎಂದು ಹೇಳಿ ಅದೇ ಕಾಲಲ್ಲಿ ವಾಪಸ್ಸು ಬಂದಳು. ಹೇಳಿದ ಹಾಗೇ ಮಾಡಿದಳು. ತಂಗಿ ಹಬ್ಬಕ್ಕೆ ಬಂದರೆ ತಟ್ಟೆ ಇಟ್ಟು ಎದ್ದು ಹೋಗುತ್ತಿದ್ದಳು. "ಅವ್ವಾ, ಒಂದ್ಸಲ ಕುಡ್ದು ನೋಡವ್ವ, ಆಮೇಲೆ ಬಯ್ಯಿ" ಎಂದು ತಂಗಿ ಒಮ್ಮೆ ತಮಾಷೆಗೆ ಅಂದಳು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಆಮೇಲೆ ತಂಗಿಗೆ ಡೆಂಗ್ಯೂ ಬಂತು. ಆಸ್ಪತ್ರೆಗೆ ಸೇರಿಸಿದಾಗಲೇ ತಡವಾಗಿತ್ತು. ಸಣ್ಣ ಜ್ವರ, ಹೋಗುತ್ತೆ ಎಂದು ಅವ್ವ ಎರಡು ದಿನ ಬರಲಿಲ್ಲ. ಬಂದಾಗ ಮಗಳಿಗೆ ಪ್ರಜ್ಞೆ ಇರಲಿಲ್ಲ. ತಿಥಿಯ ಊಟಕ್ಕೆ ಕೂತವರು, "ಕುಡ್ದೂ ಕುಡ್ದೂ ಲಿವರ್ರು ಓಗಿತ್ತಂತೆ" ಎಂದು ಸಾರು ಹಾಕಿಸಿಕೊಂಡರು. ಅವರ ಎಲೆಗೆ ಬಡಿಸುತ್ತಿದ್ದವಳು ನಾನೇ. ಕೈಯಲ್ಲಿದ್ದ ಬಕೆಟ್ಟನ್ನು ಅವರ ತಲೆಯ ಮೇಲೆ ಸುರಿಯಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಪಕ್ಷದ ದಿನ ಹಣ್ಣು, ದಾಳಿಂಬೆ ಪಾಕ, ಅವಳ ಗಾಜಿನ ಬಾಟಲಿ ಎಲ್ಲವನ್ನೂ ಕಟ್ಟಿಕೊಂಡು ತವರಿಗೆ ಹೋದೆ. ಅವಳು ಏನು ಕುಡಿಯುತ್ತಿದ್ದಳು ಎನ್ನುವುದನ್ನು ಅವ್ವ ಕಣ್ಣಾರೆ ನೋಡಬೇಕು, ಅದು ಅಪ್ಪನ ಲೋಟದ ಸಮಕ್ಕೆ ಕೂರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಅಪ್ಪನ ಎಡೆಗೆ ಅಣ್ಣ ತಂದಿದ್ದ ಬಾಟಲಿಯಿಂದಲೇ ರಮ್ ಬಗ್ಗಿಸಿಕೊಂಡೆ. ಈ ಸಲ ಮಿಕ್ಸಿ ಹಾಕಲಿಲ್ಲ. ನಡುಮನೆಯವರೆಗೂ ಕೇಳಲಿ ಎಂದು ಚೆನ್ನಾಗಿ ಕುಲುಕಿದೆ.

ತಂಗಿಯ ಎಲೆಯಲ್ಲಿ ಸೀರೆ, ಬಳೆ, ಹೂವು, ಕಜ್ಜಾಯ ಇದ್ದವು. ಕಜ್ಜಾಯ ಅವಳು ಮುಟ್ಟುತ್ತಲೇ ಇರಲಿಲ್ಲ. ಪಕ್ಕದಲ್ಲಿ ನಾನು ಲೋಟ ಇಟ್ಟೆ.

"ಏನಮ್ಮಿ ಇದು?" ಅಂದ ಧೂಪ ಹಿಡಿದಿದ್ದ ಅಣ್ಣ.

"ರಮ್ಮು. ಹಣ್ಣಿನ ರಸ ಹಾಕಿದೀನಿ. ಅವಳಿಗೆ ಇಷ್ಟ ಇದ್ದದ್ದು."

ಅಣ್ಣನ ಮುಖ ಸಣ್ಣಗಾಯಿತು. ಬಂದ ನೆಂಟರ ಕಡೆ ನೋಡಿ ದನಿ ತಗ್ಗಿಸಿದ. "ಜೂಸು ಅಂತ ಏಳು, ಮಡಗ್ತೀನಿ."

"ಅಪ್ಪನದನ್ನ ಕಷಾಯ ಅಂತೀಯಾ? ಇಲ್ಲ ತಾನೆ? ಇದನ್ನೂ ಇರೋ ಹೆಸರಲ್ಲೇ ಹೇಳು."

"ಎಣ್ಮಕ್ಕಳ ಎಡೆಗೆ ಎಂಡ ಇಕ್ಕೋದಾ?" ಅಂದ ಚಿಕ್ಕಪ್ಪ, ಹಿಂದಿನಿಂದ. "ಸತ್ತೋದ್ಮೇಲೂ ಮನೆ ಮಾನ ಕಳೀಬೇಕಾ? ತೆಗೀಲಾ ಅತ್ಲಾಗೆ."

ಅಣ್ಣ ಲೋಟ ಎತ್ತಿ ನನ್ನ ಕೈಗೆ ಕೊಟ್ಟ. ಅವ್ವನನ್ನು ನೋಡಿದೆ. ಅವಳು ಅಪ್ಪನ ಎಲೆಯ ಮೇಲಿದ್ದ ಬೀಡಿ ಕಟ್ಟನ್ನು ನೆಟ್ಟಗೆ ಮಾಡುತ್ತಿದ್ದಳು. ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ನಾನು ಜಗುಲಿಯ ಮೇಲೆ ಲೋಟ ಹಿಡಿದುಕೊಂಡೇ ನಿಂತಿದ್ದೆ. ಐಸು ಕರಗಿ, ಬಣ್ಣವೆಲ್ಲ ಕಲೆತು ಒಂದಾಯಿತು.

ಬಾಗಿಲು ತೆಗೆದ ಮೇಲೆ ಅಪ್ಪನ ರಮ್ ಪ್ರಸಾದವಾಗಿ ಕೈಯಿಂದ ಕೈಗೆ ಹೋಯಿತು. ಮೊದಲು ಲೋಟ ಚಾಚಿದವನು ಚಿಕ್ಕಪ್ಪನೇ. ಕಣ್ಣಿಗೊತ್ತಿಕೊಂಡು ಕುಡಿದ.

ಗಂಡಸರ ಪಂಕ್ತಿ ಎದ್ದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ಸರಿಸುತ್ತಿದ್ದೆ. ಅವ್ವ ಬಂದಳು. ಕಟ್ಟೆಯ ಮೇಲೆ ತಂಗಿಯ ಲೋಟ ಹಾಗೇ ಇತ್ತು. ಅದನ್ನು ತೆಗೆದುಕೊಂಡು ಮೂಸಿದಳು. ಚೆಲ್ಲುತ್ತಾಳೆ ಅಂದುಕೊಂಡೆ, ಚೆಲ್ಲಿದ್ದರೆ ಅವತ್ತು ಏನು ಅನ್ನುತ್ತಿದ್ದೆನೋ ಗೊತ್ತಿಲ್ಲ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಂದು ಗುಟುಕು ಕುಡಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

"ಇದೇಯಾ?"

"ಹೂಂ."

"ಸೀ ಐತಲ್ಲಾ."

"ಹಣ್ಣಿಂದು, ಸೀನೇ ಇರುತ್ತೆ."

ಅವ್ವ ಲೋಟದೊಳಗೆ ನೋಡುತ್ತ ನಿಂತಳು. "ಇಷ್ಟಕ್ಕಾ ನಾನು ಅವ್ಳ ಕೂಟೆ ಮಾತು ಬುಟ್ಟಿದ್ದು?"

ಇಲ್ಲವ್ವ, ನಿನಗೆ ಗೊತ್ತಿರಲಿಲ್ಲ, ಯಾರೋ ಹೇಳಿದ್ದು ಕೇಳಿದೆ, ಬಿಡು ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು.

"ಹೂಂ ಕಣವ್ವ, ಇಷ್ಟಕ್ಕೇ" ಅಂದು ಪಾತ್ರೆ ಉಜ್ಜಲು ಕೂತೆ.