ಎಡ ಬಗಲಿಗೆ ಅರ್ಧ ಇಂಚು

ನಮ್ಮ ಔರಾದದಲ್ಲಿ ನಲ್ಲಿಗೆ ನೀರು ಬರುವುದು ನಿಂತು, ಓಣಿಯವರೆಲ್ಲ ಟ್ಯಾಂಕರಿನ ದಾರಿ ಕಾಯುತ್ತಿದ್ದ ಬರದ ವರ್ಷ ಅದು. ಸುತ್ತಲ ಹಳ್ಳಿಗಳ ಜನ ಹೈದರಾಬಾದು, ಪುಣೆ ಅಂತ ದುಡಿಯಲು ಹೋಗಿಬಿಟ್ಟಿದ್ದರು. ಗೊತ್ತಾಗಿದ್ದ ಮದುವೆಗಳೂ ಮುಂದಕ್ಕೆ ಹೋದವು. ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಇಪ್ಪತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಮಶೀನು. ಮದುವೆ ಇಲ್ಲ ಅಂದರೆ ನನಗೆ ಕೆಲಸ ಇಲ್ಲ. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತಿಲ್ಲದವಳು ಆ ಸಲ ನೊಣ ಹೊಡೆಯುತ್ತ ಕೂತಿದ್ದೆ.

ಕೈ ಖಾಲಿ ಇದ್ದದ್ದಕ್ಕೇ ನನಗೆ ನನ್ನದೇ ಒಂದು ಬ್ಲೌಸ್ ಹೊಲಿದುಕೊಳ್ಳುವ ಬುದ್ಧಿ ಬಂತು. ಊರ ಹೆಂಗಸರಿಗೆಲ್ಲ ಮೈಗೆ ಸರಿಯಾಗಿ ಹೊಲಿದುಕೊಡುವ ನಾನು ತೊಡುವುದು ಮಾತ್ರ ಯಾವ ಕಾಲದ್ದೋ ಅಳತೆ. ಟೇಪು ಸುತ್ತಿಕೊಂಡು ಬಗಲಿನ ಕೆಳಗೆ ಬೆರಳೊತ್ತಿದಾಗ ಬಲಗಡೆ ಏನೋ ಗಟ್ಟಿಯಾಗಿ ಸಿಕ್ಕಿತು. ಕಡಲೆಕಾಳಿನಷ್ಟಿತ್ತು, ನೋವಿರಲಿಲ್ಲ. ಟೇಪು ತೆಗೆದಿಟ್ಟು ಅಕ್ಕಿ ಆರಿಸಲು ಕೂತೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೀಯಲ್ಲ ಅಂತ ಮಗಳು ನಕ್ಕಾಗ ಅವಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಎಂಟು ದಿನ ಯಾರಿಗೂ ಹೇಳಲಿಲ್ಲ. ದಿನಕ್ಕೆ ಹತ್ತು ಸಲ ಬಚ್ಚಲಿಗೆ ಹೋಗಿ ಮುಟ್ಟಿ ನೋಡುವುದು, ಕರಗಿದೆಯೇನೋ ಅಂತ. ಕೊನೆಗೆ ಭಾಲ್ಕಿಯಲ್ಲಿರುವ ನನ್ನ ಅಕ್ಕ ಸರೋಜಾಳಿಗೆ ಫೋನಿನಲ್ಲಿ ಅಳುತ್ತ ಹೇಳಿದೆ. ಅವಳು ನನ್ನ ಅಳುವಿಗೆ ಮರುಗುವ ಪೈಕಿ ಅಲ್ಲ. "ಇದು ಮುಚ್ಚಿಡೂ ಮಾತೇನ? ನಾಳೆ ಮೊದಲ ಬಸ್ಸಿಗಿ ಬಾ," ಅಂದಳು. ಭಾಲ್ಕಿಯ ಲೇಡಿ ಡಾಕ್ಟರು ಮುಟ್ಟಿ ನೋಡಿ, ಈಗಲೇ ಏನೂ ಹೇಳಲಾಗುವುದಿಲ್ಲ, ಬೀದರಿಗೆ ಹೋಗಿ ಫೋಟೊ ತೆಗೆಸಿ ಅಂತ ಚೀಟಿ ಬರೆದುಕೊಟ್ಟರು.

ಬೀದರಿನ ಆಸ್ಪತ್ರೆಯಲ್ಲಿ ಎರಡು ಹಲಗೆಗಳ ನಡುವೆ ಎದೆ ಇಟ್ಟು ಒತ್ತುವ ಮಶೀನಿನ ಮುಂದೆ ನಿಂತಾಗ ನಾಚಿಕೆಯಿಂದ ಸತ್ತೇ ಹೋದೆ. ಇಪ್ಪತ್ತು ವರ್ಷ ಬೇರೆಯವರ ಸೆರಗು ಸರಿಸಿದವಳಿಗೆ ತನ್ನ ಸೆರಗು ಸರಿಸುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಫೋಟೊ ಆಯಿತು, ಸೋನೋಗ್ರಫಿ ಆಯಿತು. ಡಾಕ್ಟರು ತುಂಬ ಹೊತ್ತು ಪರದೆ ನೋಡಿ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರು. ಚೂರು ಹೈದರಾಬಾದಿಗೆ ಹೋಗಬೇಕಿತ್ತು. ಹತ್ತು ದಿನ ಬಿಟ್ಟು ಬನ್ನಿ ಅಂದರು.

ಆ ಹತ್ತು ದಿನಗಳನ್ನು ಹೇಗೆ ಕಳೆದೆ ಅಂತ ಕೇಳಿದರೆ, ಕೆಟ್ಟದಾಗಿ ಕಳೆದೆ ಅಂತಲೇ ಹೇಳಬೇಕು. ಫಿಕರ್ ಮಾಡಬೇಡ ಅಂದವರ ಮೇಲೆ ಸಿಟ್ಟು ಬರುತ್ತಿತ್ತು, ಏನೂ ಅನ್ನದವರ ಮೇಲೆ ಇನ್ನೂ ಹೆಚ್ಚು. ನನ್ನ ಗಂಡ ಕಾಶಿನಾಥ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಮದುವೆಯಾದಾಗಿನಿಂದ ಒಂದು ದಿನವೂ ನೀರು ತಂದವರಲ್ಲ. ಆಗ ಮಾತ್ರ ಟ್ಯಾಂಕರ್ ಬಂದೊಡನೆ ಹೆಂಗಸರ ನಡುವೆ ನುಗ್ಗಿ ತಾವೇ ಕೊಡ ತುಂಬಿಸಿ ತರತೊಡಗಿದರು. ನನ್ನ ಕೈಗೆ ಒಂದು ತಂಬಿಗೆಯನ್ನೂ ಕೊಡುತ್ತಿರಲಿಲ್ಲ. ಅವರ ಆ ಒಳ್ಳೆಯತನ ನೋಡಿಯೇ ನನಗೆ ನಾನು ಉಳಿಯುವುದಿಲ್ಲ ಅನ್ನಿಸಿಬಿಟ್ಟಿತು. ಒಂಬತ್ತನೇ ಕ್ಲಾಸಿನ ಮಗಳಿಗೆ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಕಲಿಸಲು ಕೂತೆ. ಅವಳು ಯಾಕಮ್ಮ ಈಗಲೇ ಅಂದರೆ ಅವಳ ಕೈಗೆ ಇನ್ನೊಂದು ಗುಂಡಿ ಕೊಟ್ಟೆ.

ಮೂರನೇ ದಿನವೋ ನಾಲ್ಕನೇ ದಿನವೋ, ಮನಸ್ಸು ಬೇರೆ ಕಡೆ ಹೋಗಲಿ ಅಂತ ಗಿರಾಕಿಗಳ ಅಳತೆ ಬರೆದಿಡುವ ನೋಟ್ ಬುಕ್ಕುಗಳನ್ನು ಹೊರತೆಗೆದು ಜೋಡಿಸತೊಡಗಿದೆ. ಅದರಲ್ಲಿ ಕಸ್ತೂರಬಾಯಿಯ ಹಾಳೆ ಸಿಕ್ಕಿತು.

ಕಸ್ತೂರಬಾಯಿ ಡಾಬಕಾದವಳು. ನನಗಿಂತ ಐದಾರು ವರ್ಷ ಚಿಕ್ಕವಳು. ಸಂತೆಯ ದಿನ ಔರಾದಕ್ಕೆ ಬಂದಾಗ ನನ್ನಲ್ಲಿ ಬಟ್ಟೆ ಕೊಟ್ಟು ಹೋಗುತ್ತಿದ್ದಳು. ಅವಳ ಹಾಳೆಯಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಎಡ ಬಗಲಿಗೆ ಅರ್ಧ ಇಂಚು ಬಿಡು. ಅದರ ಕೆಳಗೆ, ನಾಲ್ಕು ತಿಂಗಳ ಮೇಲೆ: ಎಡಗಡೆ ಮತ್ತೆ ಅರ್ಧ ಇಂಚು. ಅದರ ಕೆಳಗೆ: ಎಡಗಡೆ ಒಳಗೆ ಮೆತ್ತನೆ ಬಟ್ಟೆ ಹಚ್ಚು, ಉಜ್ಜುತ್ತದೆ.

ಓದಿದೊಡನೆ ನನಗೆ ಎಲ್ಲವೂ ನೆನಪಾಯಿತು. ಮೊದಲ ಸಲ ಅಳತೆ ತೆಗೆಯುವಾಗಲೇ ಅವಳ ಎಡಗಡೆ ಗಟ್ಟಿಯಾಗಿ ಏನೋ ನನ್ನ ಬೆರಳಿಗೆ ತಾಗಿತ್ತು. ಮೂರನೇ ಸಲ ಅದು ನಿಂಬೆಹಣ್ಣಿನಷ್ಟಾಗಿತ್ತು. ನಾನು ಏನೂ ಅನ್ನಲಿಲ್ಲ. ನನಗೆ ಹೊಲಿಗೆ ಕಲಿಸಿದವರು ನಮ್ಮ ಅತ್ತೆ. ಅವರು ಮೊದಲ ದಿನವೇ ಹಾಕಿಕೊಟ್ಟ ಕಟ್ಟು ಒಂದೇ: ಗಿರಾಕಿಯ ಮೈಯಲ್ಲಿ ಏನೇ ಹೆಚ್ಚುಕಡಿಮೆ ಕಂಡರೂ ಬಾಯಿ ಬಿಡಬಾರದು, ಹೊರಗಿನವರಿಗಷ್ಟೇ ಅಲ್ಲ, ಅವಳಿಗೂ ಹೇಳಬಾರದು. ಹೇಳಿದರೆ ನಾಚಿಕೆಪಟ್ಟು ಮತ್ತೆ ಬರುವುದಿಲ್ಲ. ಕಂಡದ್ದನ್ನು ಕತ್ತರಿಯಿಂದ ಮುಚ್ಚಬೇಕು. ಎದೆ ಕಡಿಮೆ ಇದ್ದವರಿಗೆ ಪದರು ಹಾಕಿದ್ದೇನೆ, ಭುಜ ಇಳಿದವರಿಗೆ ಎತ್ತಿ ಹೊಲಿದಿದ್ದೇನೆ. ಯಾವ ಹೆಂಗಸಿನ ಗುಟ್ಟೂ ನನ್ನ ಬಾಯಿಂದ ಹೊರಬಿದ್ದಿಲ್ಲ, ಆ ಹೆಸರಿನಿಂದಲೇ ನನ್ನ ಹೊಟ್ಟೆ ತುಂಬಿದ್ದು. ಕಸ್ತೂರಬಾಯಿಯ ಗಂಟನ್ನೂ ಹಾಗೆಯೇ ಮುಚ್ಚಿದೆ. ಎಷ್ಟು ಚೆನ್ನಾಗಿ ಮುಚ್ಚಿದೆನೆಂದರೆ ಎಡ ಬಲ ಒಂದು ಚೂರೂ ಫರಕು ಕಾಣುತ್ತಿರಲಿಲ್ಲ. ಅವಳು ಕನ್ನಡಿ ನೋಡಿಕೊಂಡು ಖುಷಿಪಟ್ಟಾಗ ನನಗೂ ಹೆಮ್ಮೆಯಾಗಿತ್ತು.

ಮರುದಿನ ಡಾಬಕಾದ ಬಸ್ಸು ಹತ್ತಿದೆ. ಅವಳಿಗೆ ಹೇಳಲು ಹೊರಟೆ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಹೊರಟದ್ದು ನನ್ನ ಸಲುವಾಗಿ. ಅಷ್ಟು ದೊಡ್ಡ ಗಂಟು ಇಟ್ಟುಕೊಂಡು ಅವಳು ನಕ್ಕೊಂಡು ಓಡಾಡುತ್ತಿದ್ದರೆ ನನ್ನ ಕಡಲೆಕಾಳು ಏನು ಮಹಾ ಅಂತ ಒಂದು ಆಸೆ. ಅವಳನ್ನು ಗಟ್ಟಿಮುಟ್ಟಾಗಿ ಒಂದು ಸಲ ಕಣ್ಣಿಂದ ನೋಡಿಬಿಟ್ಟರೆ ಸಾಕಿತ್ತು ನನಗೆ.

ಮನೆಯಲ್ಲಿ ಅವಳಿರಲಿಲ್ಲ. ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಾಗಿಲಲ್ಲಿ ಕೂತು ತೊಗರಿ ಕೇರುತ್ತಿದ್ದಳು. ಕಸ್ತೂರಬಾಯಿ ಗಂಡನ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಎರಡು ತಿಂಗಳಾಯಿತು ಅಂದಳು. ಆರೋಗ್ಯವಾಗಿದ್ದಾಳಾ ಅಂತ ಕೇಳಿದೆ. ಅವಳು ಮೊರ ಕೆಳಗಿಟ್ಟಳು.

"ಹೋಗುವಾಗ ಎಡಗೈ ಎತ್ತಾಕ ಆಗ್ತಿರಲಿಲ್ರಿ ಅಕಿಗಿ. ಕೊಡಾನೂ ಬಲಗಡಿಗೇ ಹೊರತಿದ್ದಳು. ಯಾಕ ಅಂದ್ರ ಹೇಳಲಿಲ್ಲ. ಅಲ್ಲಿ ಉಸುಕು ಹ್ಯಾಂಗ ಹೊರ್ತಾಳೋ ಏನೋ."

ನಾನು ಬಂದ ಕಾರಣ ಕೇಳಿದಾಗ, ಕಸ್ತೂರಬಾಯಿಯದ್ದೊಂದು ಬಟ್ಟೆ ನನ್ನಲ್ಲೇ ಉಳಿದಿದೆ ಅಂತ ಸುಳ್ಳು ಹೇಳಿದೆ. ಅವಳು ಪಾಪ, ಒಳಗೆ ಹೋಗಿ ಕಸ್ತೂರಬಾಯಿಯ ಗಂಡನ ಫೋನ್ ನಂಬರು ಬರೆದು ತಂದುಕೊಟ್ಟಳು. ನೀರಿನ ಅಷ್ಟು ತತ್ವಾರದಲ್ಲೂ ಒಂದು ಲೋಟ ಚಹಾ ಕೊಟ್ಟಳು.

ಆ ನಂಬರು ಐದು ದಿನ ನನ್ನ ಪರ್ಸಿನಲ್ಲಿತ್ತು. ಫೋನ್ ಕೈಗೆತ್ತಿಕೊಳ್ಳುವುದು, ಇಡುವುದು. ಮೊದಲು ನನ್ನ ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅನ್ನುವುದು. ಗಂಡಸಿನ ಫೋನಿನಲ್ಲಿ ಇಂಥ ಮಾತು ಹೇಗೆ ಆಡಲಿ ಅಂತ ನೆಪ ಹುಡುಕುವುದು. ನಿಜ ಏನೆಂದರೆ, ಅವಳ ಗಂಟು ಕೆಟ್ಟದ್ದು ಅಂತ ನಾನು ಬಾಯಿಬಿಟ್ಟು ಹೇಳಿದರೆ ನನ್ನದೂ ಹಾಗೇ ಆಗಿಬಿಡುತ್ತದೆ ಅನ್ನುವ ಹೆದರಿಕೆ. ಅಷ್ಟು ಸಣ್ಣ ಮನಸ್ಸಿನವಳಾಗಿದ್ದೆ ನಾನು ಆ ದಿನಗಳಲ್ಲಿ.

ಹತ್ತನೇ ದಿನ ಕಾಶಿನಾಥರ ಜೊತೆ ಬೀದರಿಗೆ ಹೋದೆ. ಅವರು ರಿಪೋರ್ಟಿನ ಸಾಲಿನಲ್ಲಿ ನಿಂತರು, ನನ್ನನ್ನು ಒಂದು ಬೆಂಚಿನ ಮೇಲೆ ಕೂಡಿಸಿದರು. ಪಕ್ಕದಲ್ಲಿ ಬುರ್ಖಾದ ಮುಸುಕು ಮೇಲೆತ್ತಿಕೊಂಡ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಕೂತಿದ್ದರು. ನನ್ನ ಹೆದರಿಕೆ ಅವರಿಗೆ ಕಂಡಿರಬೇಕು, ತಮ್ಮ ಬಾಟಲಿಯ ನೀರು ಕುಡಿಸಿದರು. ಮೂರು ವರ್ಷದ ಹಿಂದೆ ತಮಗೆ ಒಂದು ಕಡೆಯದನ್ನು ತೆಗೆದಿದ್ದಾರೆ, ವರ್ಷಕ್ಕೊಮ್ಮೆ ತೋರಿಸಲು ಬರುತ್ತೇನೆ ಅಂದರು. ಅಷ್ಟು ಸಲೀಸಾಗಿ ಹೇಳಿದ ಆ ಮಾತಿಗೆ ನನ್ನೊಳಗಿನದು ಕಟ್ಟೆಯೊಡೆಯಿತು. ಗಂಡನಿಗೂ ಅಕ್ಕನಿಗೂ ಹೇಳದ ಕಸ್ತೂರಬಾಯಿಯ ವಿಷಯವನ್ನು ಗುರುತು ಪರಿಚಯವಿಲ್ಲದ ಅವರಿಗೆ ಪೂರಾ ಹೇಳಿಬಿಟ್ಟೆ. ರಿಪೋರ್ಟ್ ಬಂದ ಮೇಲೆ ಫೋನ್ ಮಾಡುತ್ತೇನೆ ಅಂತಲೂ ಸೇರಿಸಿದೆ.

ಅವರು ಸಮಾಧಾನ ಮಾಡಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಬೇಟಿ, ನಿಂದು ಏನ್ ಬರ್ತದೋ ಆ ಮಾಲೀಕಗ ಗೊತ್ತು. ಅಕಿದು ನಿನಗ ಗೊತ್ತದ. ಈಗೇ ಹಚ್ಚು ಫೋನ್," ಅಂದರು.

ಅವರ ಮುಂದೆಯೇ ಹಚ್ಚಿದೆ. ಅವಳ ಗಂಡ ಎತ್ತಿದ. ಹೆಂಗಸರ ಮಾತಿದೆ, ಅವಳಿಗೆ ಕೊಡಿ ಅಂದೆ. ಹಿಂದೆ ಕಾಂಕ್ರೀಟ್ ಮಶೀನಿನ ಗದ್ದಲ. ಅವಳು ಹಲೋ ಅಂದೊಡನೆ, ಧೈರ್ಯ ಹೋಗುವ ಮೊದಲೇ ಹೇಳಿಬಿಟ್ಟೆ: "ಕಸ್ತೂರಬಾಯಿ, ನಿನ್ನ ಎಡಗಡಿ ಗಂಟು ಅದ. ಅಳತಿ ತಗೋವಾಗ ನನಗ ಸಿಕ್ಕದ. ಎಲ್ಲಾ ಬಿಟ್ಟು ದವಾಖಾನಿಗಿ ಬಾ." ಬರ್ತೇನ್ರಿ, ಅಂದಳು ಅವಳು.

ಇತ್ತ ಕಾಶಿನಾಥ ಲಕೋಟೆ ಹಿಡಿದು ಬಂದರು. ಡಾಕ್ಟರು ಓದಿ, ಇದು ಕ್ಯಾನ್ಸರ್ ಅಲ್ಲ, ಸಾದಾ ಗಂಟು, ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ ಅಂದರು. ನನ್ನ ಗಂಡ ಅಲ್ಲೇ ಗೋಡೆಗೆ ಆತು ನಿಂತು ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಸಂತೋಷವಾಯಿತು, ಇಲ್ಲ ಅನ್ನುವುದಿಲ್ಲ. ಹೊರಗೆ ಬಂದು ನೀರು ಕೊಟ್ಟ ಆ ಹಿರಿಯ ಹೆಂಗಸನ್ನು ಹುಡುಕಿದೆ, ಬೆಂಚು ಖಾಲಿಯಾಗಿತ್ತು. ಅವರ ಹೆಸರು ಕೇಳುವುದೂ ನನಗೆ ಹೊಳೆದಿರಲಿಲ್ಲ.

ನಾಲ್ಕನೇ ದಿನ ಕಸ್ತೂರಬಾಯಿ ಬಂದಳು. ಕೆನ್ನೆ ಬತ್ತಿ, ಗುರುತು ಸಿಗದಂತಾಗಿದ್ದಳು. ಬೀದರಿಗೆ ನಾನೇ ಕರೆದುಕೊಂಡು ಹೋದೆ. ಅದೇ ಮಶೀನು, ಅದೇ ಸೂಜಿ, ಮತ್ತೆ ಅದೇ ಹತ್ತು ದಿನ. ಆ ಹತ್ತು ದಿನ ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಅವಳು ಒಮ್ಮೆಯೂ ಅಳಲಿಲ್ಲ. ಬಲಗೈಯಿಂದಲೇ ಕಸ ಗುಡಿಸುತ್ತೇನೆ, ಬೆಳ್ಳುಳ್ಳಿ ಸುಲಿಯುತ್ತೇನೆ ಅಂತ ಏಳುತ್ತಿದ್ದಳು. ನಾನೇ ಅವಳಿಗೆ ಬೆನ್ನು ಹಾಕಿ ಮಶೀನಿನ ಮುಂದೆ ಕೂತು ಅಳುತ್ತಿದ್ದೆ.

ರಿಪೋರ್ಟ್ ಬಂದ ದಿನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಕಾಯಿಲೆ ಬಗಲಿಗೂ ಎಲುಬಿಗೂ ಇಳಿದಿದೆ, ಒಂದು ವರ್ಷ ಮೊದಲು ಬಂದಿದ್ದರೆ ಮಾತು ಬೇರೆ ಇತ್ತು ಅಂದರು. ನಾನು ಮೊದಲ ಅರ್ಧ ಇಂಚು ಬಿಟ್ಟು ಆಗ ಹದಿನಾಲ್ಕು ತಿಂಗಳಾಗಿತ್ತು.

ಹೊರಗೆ ಬಂದು ಅವಳ ಪಕ್ಕ ಕೂತೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಆಮೇಲೆ ಅವಳ ಕೈ ಹಿಡಿದು, ನನಗೆ ಅವತ್ತೇ ಗೊತ್ತಾಗಿತ್ತು, ಹೇಳಲಿಲ್ಲ, ನನ್ನನ್ನು ಮಾಫ್ ಮಾಡು ಅಂದೆ. ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ, ನಡೆದದ್ದನ್ನು ಜ್ಞಾಪಿಸಿಕೊಂಡು ಹೇಳುವವಳ ಹಾಗೆ ಹೇಳಿದಳು:

"ನಿಮಗ ಗೊತ್ತಾಗ್ಯದ ಅಂತ ನನಗೂ ಆವತ್ತೇ ತಿಳೀತ್ರಿ ಅಕ್ಕ. ನಿಮ್ಮ ಕೈ ಅಲ್ಲೇ ನಿಂತಿತ್ತು. ನೀವು ಏನರೆ ಅಂತೀರೇನೋ ಅಂತ ನಾ ಕಾಯ್ದೆ. ನೀವು ಅನಲಿಲ್ಲ. ಇಷ್ಟು ಹೆಂಗಸರನ್ನ ನೋಡಿದಾಕಿನೇ ಸುಮ್ಮನದಾಳ ಅಂದ್ರ, ಇದು ಅಂಜೂವಂಥದ್ದಲ್ಲ ಅಂದ್ಕೊಂಡೆ."

ಅವಳ ಗಂಡ ಹೈದರಾಬಾದಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿದ. ಹತ್ತು ತಿಂಗಳು ಬದುಕಿದಳು. ಅವಳು ಹೋದಾಗ ಮಳೆ ಬಂದು ನಮ್ಮ ಓಣಿಯ ನಲ್ಲಿಗಳಲ್ಲಿ ನೀರು ಶುರುವಾಗಿತ್ತು, ಮದುವೆಗಳೂ ಶುರುವಾಗಿದ್ದವು. ನನ್ನ ಕೋಣೆಯ ತುಂಬ ಬಟ್ಟೆ ರಾಶಿ ಬಿದ್ದಿತ್ತು. ನಾನು ಹದಿನೈದು ದಿನ ಮಶೀನಿನ ಹತ್ತಿರ ಹೋಗಲಾರದೆ ಎಷ್ಟೋ ಜನರ ಬಟ್ಟೆ ತಡಮಾಡಿ ಬೈಸಿಕೊಂಡೆ.

ಈಗ ನನ್ನ ಬೆರಳಿಗೆ ಏನೇ ತಾಗಿದರೂ ಬಾಯಿ ಬಿಡುತ್ತೇನೆ. ಒಳಗೆ ಕರೆದು, ಬಾಗಿಲು ಹಾಕಿ, ನೇರವಾಗಿ ಹೇಳುತ್ತೇನೆ. ಕೆಲವರಿಗೆ ಅವಮಾನವಾಗುತ್ತದೆ. ಟೇಲರಮ್ಮ ಡಾಕ್ಟರಮ್ಮ ಆಗಿದ್ದಾಳೆ ಅಂತ ಊರಲ್ಲಿ ನಗುತ್ತಾರೆ. ಒಬ್ಬರಿಬ್ಬರು ಬಟ್ಟೆ ವಾಪಸ್ ಒಯ್ದು ಬೇರೆಯವರ ಹತ್ತಿರ ಹೊಲಿಸಿದ್ದೂ ಇದೆ. ಅದಕ್ಕೆಲ್ಲ ನನಗೆ ಬೇಸರವಿಲ್ಲ. ಹೆದರಿಕೊಂಡಿದ್ದ ಒಬ್ಬ ಹೆಂಗಸು ನನ್ನ ಮೌನವನ್ನೇ ಧೈರ್ಯದ ಮಾತು ಅಂತ ತಿಳಿದು, ಅದನ್ನೇ ನಂಬಿಕೊಂಡು ಉಸುಕು ಹೊರಲು ಹೋದಳಲ್ಲ, ಅದು ನನ್ನಿಂದ ಆಗಬಾರದಿತ್ತು.