ಗಂಟೆಗೊಂದು ಸದ್ದು

ಮೊನ್ನೆ ಮಲಾಡ್ ಸ್ಟೇಷನ್ನಿನ ಹೊರಗೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮೊಮ್ಮಗಳ ಜೊತೆ ನಿಂತಿದ್ದೆ. ಬೆಸುಗೆ ಹಾಕುವಾಗ ಏಳುವ ಹೊಗೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆ ಏನೂ ಅನ್ನಿಸದಿರಬಹುದು. ನನಗೆ ಕಮಲಕ್ಕನ ನೆನಪಾಯಿತು.

ಎಂಬತ್ತರ ದಶಕದ ಕೊನೆ. ಮೈಸೂರಿನಿಂದ ಒಂದು ಡಿಗ್ರಿಯನ್ನೂ ಅದಕ್ಕಿಂತ ಭಾರವಾದ ಜಂಬವನ್ನೂ ಹೊತ್ತು ಬಂದು ಇಲ್ಲೇ ಮುಂಬೈಯಲ್ಲಿ ಒಂದು ಸಣ್ಣ ಕಂಪನಿ ಸೇರಿದ್ದೆ. ಧಾರವಾಡದ ಕಮಲಕ್ಕ ಅಲ್ಲಿ ನನಗಿಂತ ಹಿರಿಯ ಇಂಜಿನಿಯರ್. ಮಳೆನೀರು ಹರಿಯುವ ನಾಲಾದ ಉದ್ದಕ್ಕೂ ನಾವು ಅಲ್ಲಲ್ಲಿ ಪೆಟ್ಟಿಗೆಗಳನ್ನು ಕೂರಿಸಿದ್ದೆವು. ನೀರು ಏರಿದರೆ ಅವು ವೈರ್‌ಲೆಸ್ಸಿನಲ್ಲಿ ಆಫೀಸಿಗೆ ತಿಳಿಸಬೇಕು. ಒಳಗಿದ್ದದ್ದು ಸ್ಕೂಟರಿನ ಬ್ಯಾಟರಿ. ಮಾತಾಡಿದಷ್ಟೂ ಅದರ ಆಯಸ್ಸು ಸವೆಯುತ್ತಿತ್ತು. ಹಾಗಾಗಿ ನೀರು ಏರಿದಾಗ ಮಾತ್ರ ಮಾತಾಡಲಿ ಎಂದು ಮಾಲೀಕರ ಅಪ್ಪಣೆ.

ಕಮಲಕ್ಕ ಒಪ್ಪಲಿಲ್ಲ. “ಸುಮ್ಮನ ಅದ ಅಂದ್ರ ನೀರು ಏರಿಲ್ಲೋ, ಪೆಟ್ಟಿಗೀನ ಸತ್ತದೋ, ಹೆಂಗ ತಿಳೀಬೇಕು?” ಎಂದರು. ಗಂಟೆಗೊಮ್ಮೆ, ಬರೀ ‘ಇದ್ದೇನೆ’ ಎನ್ನುವಂಥ ಒಂದು ಸದ್ದು ಬರುವಂತೆ ತಾವೇ ಬೆಸುಗೆ ಹಾಕಿ ಮಾಡಿದರು. ಬ್ಯಾಟರಿ ಬೇಗ ಇಳಿಯತೊಡಗಿತು. ಬದಲಿ ಬ್ಯಾಟರಿಯನ್ನು ಚೀಲದಲ್ಲಿಟ್ಟು ತಾವೇ ಲೋಕಲ್ ರೈಲಿನಲ್ಲಿ ಒಯ್ಯುತ್ತಿದ್ದರು. ಚೀಲದ ಇನ್ನೊಂದು ಹಿಡಿ ನನ್ನ ಪಾಲಿಗೆ. ಆಸಿಡ್ ಸಿಡಿದು ಅಂಗಿ ತೂತಾದಾಗಲೆಲ್ಲ ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ, ಸಾಲುಮನೆಗಳ ಒಂದು ಚಾಳಿನ ಹಿಂದೆ, ನಾಲಾದಂಚಿನ ಗೋಡೆಗೆ ಹಾಕಿದ್ದ ಪೆಟ್ಟಿಗೆಯಿಂದ ಸದ್ದು ಬರಲಿಲ್ಲ. ಬ್ಯಾಟರಿ ಹೋಗಿರಬೇಕು, ಮಳೆ ನಿಂತ ಮೇಲೆ ನೋಡಿ ಎಂದರು ಮಾಲೀಕರು. ಅದನ್ನು ಬದಲಿಸಿ ಇನ್ನೂ ವಾರವಾಗಿರಲಿಲ್ಲ. ಕಮಲಕ್ಕ ಕೊಡೆ ಎತ್ತಿಕೊಂಡರು. “ಬಾ, ಕಣ್ಲೇ ನೋಡಿ ಬರೂಣು.”

ನಾವು ತಲುಪುವಷ್ಟರಲ್ಲಿ ಗೋಡೆಯ ಒಂದು ಭಾಗ ಪೆಟ್ಟಿಗೆ ಸಮೇತ ನಾಲಾಕ್ಕೆ ಕುಸಿದಿತ್ತು. ಉಳಿದದ್ದು ಚಾಳಿನ ಕಡೆ ವಾಲಿ ನಿಂತಿತ್ತು. ಕಮಲಕ್ಕ ಒಂದೊಂದೇ ಬಾಗಿಲು ಬಡಿದು, ಮರಾಠಿಯಲ್ಲಿ ಹೇಳಿ ಎಲ್ಲರನ್ನೂ ಹೊರಡಿಸಿದರು. ನಾನು ಮಕ್ಕಳನ್ನು ಹೊತ್ತು ಹತ್ತಿರದ ಶಾಲೆಗೆ ಸಾಗಿಸಿದೆ. ಎಲ್ಲರೂ ಹೊರಬಂದ ಮೇಲೆ ಒಬ್ಬ ಮುದುಕಿ, ಸ್ಟವ್ ಮೇಲೆ ಹಾಲಿದೆ ಎಂದು ಮತ್ತೆ ಒಳಗೆ ಹೋದಳಂತೆ. ವಾಲಿದ್ದ ಗೋಡೆ ಅವಳ ಮೇಲೆ ಬಿದ್ದದ್ದು ಆಗ.

ಎಷ್ಟೊಂದು ಜೀವ ಉಳಿಸಿದಿರಿ ಎಂದು ಎಲ್ಲರೂ ಕಮಲಕ್ಕನನ್ನು ಹೊಗಳಿದರು. ಮಾಲೀಕರು ಮತ್ತೆಂದೂ ಬ್ಯಾಟರಿಯ ಮಾತೆತ್ತಲಿಲ್ಲ. ಹೊಗಳಿಕೆ ಶುರುವಾದರೆ ಸಾಕು, ಕಮಲಕ್ಕ ಎದ್ದು ಹೋಗುತ್ತಿದ್ದರು. ಅದನ್ನು ನಾನು ವಿನಯ ಎಂದುಕೊಂಡಿದ್ದೆ.

ಮೊನ್ನೆ ಇಷ್ಟನ್ನೂ ಹೇಳಿ ಮುಗಿಸಿದಾಗ ಮೊಮ್ಮಗಳು ಕೇಳಿದಳು: “ತಾತಾ, ವೋ ಹಾಲಿನ ಅಜ್ಜಿ... ಅವರದು ನಾಮ್ ಏನು?”

ನನಗೆ ಗೊತ್ತಿರಲಿಲ್ಲ. ಎಷ್ಟು ಜನರಿಗೆ ಹೇಳಿದ್ದೇನೆ ಈ ಕಥೆಯನ್ನು; ಅವಳ ಹೆಸರು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಮನೆಗೆ ಬಂದವನೇ, ಧಾರವಾಡಕ್ಕೆ ಮರಳಿದ್ದ ಕಮಲಕ್ಕನಿಗೆ ಫೋನ್ ಮಾಡಿ ಕೇಳಿದೆ.

“ಸೋನುಬಾಯಿ,” ಎಂದರು ಕಮಲಕ್ಕ, ಯೋಚಿಸದೆಯೇ. ಆಮೇಲೆ, “ಆಕಿ ಕೈ ನಾ ಹಿಡಕೊಂಡಿದ್ದೆ. ಹಾಲು ಉಕ್ಕತದ, ಬಿಡು ಅಂದ್ಲು. ಬಿಟ್ಟೆ,” ಎಂದರು.

ಸೋನುಬಾಯಿಯ ಮಗಳು ವಿಲೆ ಪಾರ್ಲೆಯಲ್ಲಿದ್ದಾಳೆಂದೂ, ತಾವು ಮುಂಬೈಯಲ್ಲಿ ಇದ್ದ ತನಕ ಪ್ರತಿ ಮಳೆಗಾಲ ಹೋಗಿ ಮಾತಾಡಿಸಿ ಬರುತ್ತಿದ್ದುದಾಗಿಯೂ ಅವರೇ ಹೇಳಿದರು. ಈಗ ಅವರ ಮೊಣಕಾಲು ಕೇಳುವುದಿಲ್ಲ.

“ನೀ ಒಮ್ಮೆ ಹೋಗಿ ಬರ್ತೀಯೇನಪಾ?”

“ಮನೆ ಎಲ್ಲಿ ಅಂತ ಹೇಳಿ ಅಕ್ಕಾ,” ಎಂದೆ.